ಗೆಟ್ ಎಂಬ ಪುಟ್ಟ ಪದವನ್ನು ಪಳಗಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಇಂಗ್ಲಿಷ್ ಓದುವಾಗ ಉದ್ದನೆಯ, ಗೊತ್ತಿಲ್ಲದ ಪದ ಬಂದರೆ ನಾವು ನಿಂತು ನಿಘಂಟು ನೋಡುತ್ತೇವೆ. ಎಡವುವುದು ಗೊತ್ತಿದೆ ಅಂದುಕೊಂಡ ಪದಗಳಲ್ಲಿ. ಅವುಗಳಲ್ಲಿ ಮೊದಲನೆಯದು ಗೆಟ್. ‘ಶಿ ಗಾಟ್ ಹಿಮ್ ಟು ಸೈನ್’ ಎಂಬ ವಾಕ್ಯವನ್ನು ‘ಅವಳಿಗೆ ಅವನು ಸಹಿ ಹಾಕಲು ಸಿಕ್ಕಿದ’ ಎಂದು ಬರೆದುಕೊಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಸರಿಯಾದದ್ದು ‘ಅವಳು ಅವನಿಂದ ಸಹಿ ಹಾಕಿಸಿದಳು’. ವಾಕ್ಯದ ಐದೂ ಪದಗಳು ಅವರಿಗೆ ಗೊತ್ತಿದ್ದವು, ಆದರೂ ಅರ್ಥ ಕೈತಪ್ಪಿತು.

ಹೀಗೆ ತಪ್ಪಿದವರಲ್ಲಿ ಹೆಚ್ಚಿನವರು ‘ಗೆಟ್ ಪದದ ಇಪ್ಪತ್ತೈದು ಅರ್ಥಗಳು’ ಎಂಬಂಥ ಪಟ್ಟಿಯೊಂದನ್ನು ಬಾಯಿಪಾಠ ಮಾಡಿದವರೇ. ಪಟ್ಟಿಯಿಂದ ಪ್ರಯೋಜನವಾಗದಿರಲು ಕಾರಣ ಸರಳ. ಯಾವ ಅರ್ಥ ಎಲ್ಲಿ ಕೂರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಗೆಟ್‌ನ ಅರ್ಥ ಇರುವುದು ಅದರ ಬೆನ್ನಿಗೆ ಬರುವ ಪದದಲ್ಲಿ. ಅಲ್ಲಿ ನಾಮಪದವಿದ್ದರೆ ಒಂದು ಅರ್ಥ, ಗುಣವಾಚಕವಿದ್ದರೆ ಇನ್ನೊಂದು, ಸ್ಥಳವಿದ್ದರೆ ಮತ್ತೊಂದು. ಕೆಳಗಿನ ಹಂತಗಳೆಲ್ಲ ಈ ಒಂದು ಅಭ್ಯಾಸದ ಮೇಲೆ ನಿಂತಿವೆ. ದಯವಿಟ್ಟು ಕ್ರಮ ಬದಲಿಸಬೇಡಿ. ಏಳನೆಯ ಹಂತ ಆಕರ್ಷಕವಾಗಿದೆ ಎಂದು ಅಲ್ಲಿಂದ ಶುರು ಮಾಡಿದವರು ಮತ್ತೆ ಮೂರಕ್ಕೆ ಬಂದೇ ಬರಬೇಕಾಗುತ್ತದೆ.

## ಶುರುವಿಗೆ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಇಂಥ ನಿಘಂಟಿನಲ್ಲಿ ಅರ್ಥದ ಜೊತೆಗೆ ಪದದ ಮುಂದೆ ಏನು ಬರುತ್ತದೆ ಎಂಬುದನ್ನೂ ಉದಾಹರಣೆ ಕೊಟ್ಟು ತೋರಿಸಿರುತ್ತಾರೆ. ನಮಗೆ ಬೇಕಾಗಿರುವುದು ಅದೇ. ಇವುಗಳ ಜೊತೆಗೆ ಮಾತುಕತೆ ಹೆಚ್ಚಿರುವ ನಾಲ್ಕೈದು ಪುಟ ಇಂಗ್ಲಿಷ್ ಬರಹ ಇಟ್ಟುಕೊಳ್ಳಿ, ಕಥೆಯಾದರೂ ಸರಿ, ಸಂದರ್ಶನವಾದರೂ ಸರಿ.

ಮೊಬೈಲಿನ ಅನುವಾದದ ಆ್ಯಪನ್ನು ಸದ್ಯಕ್ಕೆ ಬದಿಗಿಡಿ. ಅದು ಉತ್ತರ ಕೊಟ್ಟುಬಿಡುತ್ತದೆ, ಆ ಉತ್ತರಕ್ಕೆ ಹೇಗೆ ಬಂದಿತು ಎಂದು ತೋರಿಸುವುದಿಲ್ಲ.

## ಹಂತ 1: ಐದು ರೂಪಗಳನ್ನು ಗಟ್ಟಿ ಮಾಡಿಕೊಳ್ಳಿ

ಗೆಟ್, ಗೆಟ್ಸ್, ಗೆಟಿಂಗ್, ಗಾಟ್, ಗಾಟನ್. ಭೂತಕಾಲ ಗಾಟ್. ಮೂರನೆಯ ರೂಪ, ಅಂದರೆ ಶಾಲೆಯಲ್ಲಿ ವಿ-3 ಎಂದು ಕಲಿತದ್ದು, ಬ್ರಿಟಿಷ್ ಇಂಗ್ಲಿಷಿನಲ್ಲಿ ಗಾಟ್, ಅಮೆರಿಕನ್ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಗಾಟನ್. ಎರಡೂ ಸರಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಈ ಹಂತದ ದೊಡ್ಡ ತಪ್ಪು ‘ಡಿಡ್ ಯು ಗಾಟ್’ ಮತ್ತು ‘ಐ ಡಿಡಂಟ್ ಗಾಟ್’. ಡಿಡ್ ಬಂದ ಮೇಲೆ ಭೂತಕಾಲವನ್ನು ಹೊರುವ ಕೆಲಸ ಅದರದೇ. ಮುಂದಿನ ಕ್ರಿಯಾಪದ ಮೂಲ ರೂಪದಲ್ಲಿರಬೇಕು: ‘ಡಿಡ್ ಯು ಗೆಟ್’, ‘ಐ ಡಿಡಂಟ್ ಗೆಟ್’. ನಿಮ್ಮ ಬಾಯಲ್ಲಿ ಇದು ಇನ್ನೂ ತಪ್ಪುತ್ತಿದ್ದರೆ ಎರಡು ದಿನ ಇಲ್ಲಿಯೇ ನಿಲ್ಲಿ.

ಇಲ್ಲೊಂದು ವೇಷಧಾರಿಯೂ ಇದ್ದಾನೆ: ‘ಹ್ಯಾವ್ ಗಾಟ್’. ನೋಡಲು ಭೂತಕಾಲದಂತಿದೆ, ಅರ್ಥ ವರ್ತಮಾನದ್ದು. ‘ಐ ಹ್ಯಾವ್ ಗಾಟ್ ಟೂ ಬ್ರದರ್ಸ್’ ಅಂದರೆ ‘ನನಗೆ ಇಬ್ಬರು ಸಹೋದರರಿದ್ದಾರೆ’. ಯಾರೂ ಸಿಕ್ಕಿದ್ದಲ್ಲ, ಬಂದದ್ದೂ ಅಲ್ಲ. ಇದರ ಮುಂದೆ ‘ಟು’ ಮತ್ತು ಕ್ರಿಯಾಪದ ಸೇರಿದರೆ ‘ಲೇಬೇಕು’ ಎಂಬ ಅರ್ಥ: ‘ಐ ಹ್ಯಾವ್ ಗಾಟ್ ಟು ಗೋ’, ನಾನು ಹೋಗಲೇಬೇಕು. ಮಾತಿನ ಓಟದಲ್ಲಿ ಕೇಳಿಸುವ ‘ಗಾಟಾ’ ಇದೇ. ಅಮೆರಿಕನ್ನರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ‘ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರು ಇದೆ, ‘ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ಕೊಂಡಾಗಿದೆ.

## ಹಂತ 2: ಮುಂದಿನ ಪದದ ಮೇಲೆ ಬೆರಳಿಡಿ

ನಿಮ್ಮ ಬಳಿ ಇರುವ ಪುಟಗಳಲ್ಲಿ ಗೆಟ್ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುಂಡು ಸುತ್ತಿ. ಅರ್ಥ ಹೇಳಲು ಅವಸರ ಬೇಡ. ಅದರ ನಂತರ ಏನಿದೆ ಎಂಬುದನ್ನಷ್ಟೇ ಅಂಚಿನಲ್ಲಿ ಬರೆಯಿರಿ: ವಸ್ತುವೇ, ಗುಣವೇ, ಸ್ಥಳವೇ, ವಿ-3 ರೂಪವೇ, ‘ಟು’ ಮತ್ತು ಕ್ರಿಯಾಪದವೇ, ಇಲ್ಲವೆ ಅಪ್, ಓವರ್, ಬ್ಯಾಕ್‌ನಂಥ ಪುಟ್ಟ ಬಾಲವೇ.

ಇದು ಬೇಸರ ತರುವ ಕೆಲಸ, ಒಪ್ಪುತ್ತೇನೆ. ಆದರೆ ಇದನ್ನು ಹಾರಿಸಿದವರೇ ಮುಂದೆ ಹೆಚ್ಚು ಒದ್ದಾಡುತ್ತಾರೆ. ಇಪ್ಪತ್ತು ಗೆಟ್‌ಗಳಾದರೂ ಆಗುವವರೆಗೆ ಮಾಡಿ.

## ಹಂತ 3: ನಾಮಪದ ಬಂದರೆ ‘ಸಿಗು, ಬರು, ಪಡೆ, ತರು’

ಕನ್ನಡದಲ್ಲಿ ‘ನನಗೆ ಕೆಲಸ ಸಿಕ್ಕಿತು’ ಎನ್ನುತ್ತೇವೆ. ಇಲ್ಲಿ ಕರ್ತೃ ಕೆಲಸ, ‘ನನಗೆ’ ಚತುರ್ಥಿ ವಿಭಕ್ತಿ. ಇಂಗ್ಲಿಷಿನಲ್ಲಿ ಇದು ತಿರುಗಿ ನಿಲ್ಲುತ್ತದೆ: ‘ಐ ಗಾಟ್ ಎ ಜಾಬ್’. ಪಡೆದವನು ಮೊದಲು, ಸಿಕ್ಕಿದ್ದು ನಂತರ. ‘ಜಾಬ್ ಗಾಟ್ ಟು ಮಿ’, ‘ಫಾರ್ ಮಿ ಗಾಟ್’ ಎಂಬ ವಾಕ್ಯಗಳು ಹುಟ್ಟುವುದು ನಮ್ಮ ‘ನನಗೆ’ಯನ್ನು ಹಾಗೆಯೇ ಸಾಗಿಸಿದಾಗ. ಗೆಟ್ ಇರುವ ವಾಕ್ಯವನ್ನು ‘ಟು ಮಿ’ ಎಂದು ಶುರು ಮಾಡಿದ್ದೀರಾದರೆ ಅದೇ ಅಪಾಯದ ಗುರುತು, ಅಲ್ಲಿಯೇ ನಿಲ್ಲಿಸಿ.

ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದು ತಾನಾಗಿ ಬಂತೆ, ಇವನು ಹೋಗಿ ತಂದನೆ? ‘ಐ ಗಾಟ್ ಎ ಕಾಲ್’ ಅಂದರೆ ಕರೆ ಬಂತು. ‘ಐ ಗಾಟ್ ಎ ಕೋಲ್ಡ್’ ಅಂದರೆ ನೆಗಡಿಯಾಯಿತು. ‘ಐ ವೆಂಟ್ ಔಟ್ ಆ್ಯಂಡ್ ಗಾಟ್ ಸಮ್ ಬ್ರೆಡ್’ ಎಂಬಲ್ಲಿ ಬ್ರೆಡ್ ತಾನಾಗಿ ಬರಲಿಲ್ಲ, ಹೋಗಿ ತಂದದ್ದು. ‘ಗೆಟ್ ಮಿ ಸಮ್ ವಾಟರ್’ ಎಂದು ಒಬ್ಬ ವ್ಯಕ್ತಿ, ಒಂದು ವಸ್ತು ಒಟ್ಟಿಗೆ ಬಂದರೆ ‘ತಂದುಕೊಡು’.

ಈಗ ಎದುರು ದಿಕ್ಕಿನಿಂದ ಬನ್ನಿ. ನಮ್ಮ ‘ಸಿಗು’ ಬಲು ವಿಶಾಲ, ಅದರ ಎಲ್ಲ ಬಳಕೆಗಳಿಗೂ ಗೆಟ್ ಒಗ್ಗುವುದಿಲ್ಲ. ಕಳೆದುಹೋಗಿದ್ದ ಪೆನ್ನು ಸಿಕ್ಕರೆ ‘ಐ ಫೌಂಡ್ ಮೈ ಪೆನ್’. ದಾರಿಯಲ್ಲಿ ಗೆಳೆಯ ಸಿಕ್ಕರೆ ‘ಐ ಮೆಟ್ ಹಿಮ್’. ಇಲ್ಲಿ ‘ಐ ಗಾಟ್ ಹಿಮ್’ ಎಂದರೆ ಅವನನ್ನು ಹಿಡಿದುಬಿಟ್ಟೆ, ಸೋಲಿಸಿದೆ ಎಂಬ ಅರ್ಥ ಬರುತ್ತದೆ. ಕೇಳಿದವರು ಕಕ್ಕಾಬಿಕ್ಕಿಯಾಗುತ್ತಾರೆ. ಹುಡುಕಿದ್ದು ಸಿಕ್ಕರೆ ಫೈಂಡ್, ವ್ಯಕ್ತಿ ಸಿಕ್ಕರೆ ಮೀಟ್, ಇಲ್ಲದಿದ್ದದ್ದು ಕೈಸೇರಿದರೆ ಗೆಟ್. ಈ ಮೂರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಅರ್ಥವಾಗುವುದಕ್ಕೂ ಗೆಟ್ ಬರುತ್ತದೆ. ‘ಐ ಡೋಂಟ್ ಗೆಟ್ ಇಟ್’, ನನಗೆ ಅರ್ಥವಾಗುತ್ತಿಲ್ಲ. ‘ಗಾಟ್ ಇಟ್’, ತಿಳಿಯಿತು. ಎದುರಿನವರ ಮಾತು ಕಿವಿಗೆ ಸರಿಯಾಗಿ ಬೀಳದಿದ್ದಾಗ ‘ಸಾರಿ, ಐ ಡಿಡಂಟ್ ಗೆಟ್ ದಟ್’ ಎನ್ನುವುದು ಒಳ್ಳೆಯದು. ‘ಐ ಡಿಡಂಟ್ ಗೆಟ್ ಯು’ ಎಂಬುದನ್ನು ನಮ್ಮಲ್ಲಿ ಧಾರಾಳವಾಗಿ ಬಳಸುತ್ತಾರೆ. ಅದರ ಅರ್ಥ ‘ನಿಮ್ಮನ್ನು ಅರ್ಥಮಾಡಿಕೊಳ್ಳಲಾಗಲಿಲ್ಲ’ ಎಂಬತ್ತ ವಾಲುವುದರಿಂದ ಅಪರಿಚಿತರ ಮುಂದೆ ಮೊದಲನೆಯದನ್ನೇ ಆರಿಸಿಕೊಳ್ಳಿ.

## ಹಂತ 4: ಗುಣವಾಚಕ ಬಂದರೆ ‘ಆಗು’

‘ಇಟ್ ಈಸ್ ಡಾರ್ಕ್’, ಕತ್ತಲಿದೆ. ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ‘ಇಟ್ ಗಾಟ್ ಡಾರ್ಕ್’, ಕತ್ತಲಾಯಿತು. ಈಸ್ ಇರುವ ಸ್ಥಿತಿಯನ್ನು ಹೇಳುತ್ತದೆ, ಗೆಟ್ ಬದಲಾಗುವುದನ್ನು ಹೇಳುತ್ತದೆ. ಓದುವಾಗ ಇಷ್ಟು ಸಾಕು.

ತೊಂದರೆ ಇರುವುದು ಬರೆಯುವಾಗ. ಕನ್ನಡದಲ್ಲಿ ಭಾವನೆಗಳು ನಾಮಪದಗಳಾಗಿ ನಮ್ಮ ಬಳಿಗೆ ಬರುತ್ತವೆ: ಕೋಪ ಬಂತು, ನಿದ್ದೆ ಬರುತ್ತಿದೆ, ಭಯವಾಯಿತು, ಹಸಿವಾಯಿತು. ಅದೇ ಅಚ್ಚಿನಲ್ಲಿ ‘ಐ ಗಾಟ್ ಆ್ಯಂಗರ್’, ‘ಐ ಆಮ್ ಗೆಟಿಂಗ್ ಸ್ಲೀಪ್’, ‘ಐ ಗಾಟ್ ಬೋರ್’ ಎಂದು ಬರೆಯುತ್ತೇವೆ. ಇಂಗ್ಲಿಷಿಗೆ ಇಲ್ಲಿ ಗುಣವಾಚಕ ಬೇಕು: ‘ಗಾಟ್ ಆ್ಯಂಗ್ರಿ’, ‘ಗೆಟಿಂಗ್ ಸ್ಲೀಪಿ’, ‘ಗಾಟ್ ಬೋರ್ಡ್’, ‘ಗಾಟ್ ಸ್ಕೇರ್ಡ್’, ‘ಗಾಟ್ ಹಂಗ್ರಿ’. ಕನ್ನಡದಲ್ಲಿ ‘ಬಂತು’ ಅಥವಾ ‘ಆಯಿತು’ ಎನ್ನುವ ಪ್ರತಿಯೊಂದು ಭಾವನೆಗೂ ಅದರ ಗುಣವಾಚಕ ರೂಪವನ್ನು ನಿಘಂಟಿನಲ್ಲಿ ಹುಡುಕಿ ಬರೆದುಕೊಳ್ಳಿ. ಹತ್ತು ಹನ್ನೆರಡು ಸಾಕು, ದಿನನಿತ್ಯದ ಮಾತು ನಡೆಯುತ್ತದೆ. ಜ್ವರ ಈಗಾಗಲೇ ಬಂದಿದ್ದರೆ ಮಾತ್ರ ‘ಐ ಆಮ್ ಗೆಟಿಂಗ್ ಫೀವರ್’ ಎನ್ನದೆ ‘ಐ ಹ್ಯಾವ್ ಎ ಫೀವರ್’ ಎನ್ನಿ.

ಇನ್ನೊಂದು ಗುಂಡಿ: ‘ಆಗು’ ಎಂದ ಕೂಡಲೇ ಗೆಟ್ ಹಾಕುವುದು. ‘ಅವನು ಡಾಕ್ಟರ್ ಆದ’ ಎಂಬುದಕ್ಕೆ ‘ಹಿ ಗಾಟ್ ಎ ಡಾಕ್ಟರ್’ ಎಂದು ಬರೆದರೆ ‘ಅವನು ಡಾಕ್ಟರನ್ನು ಕರೆತಂದ’ ಎಂದಾಗುತ್ತದೆ. ಏಕೆಂದರೆ ಡಾಕ್ಟರ್ ನಾಮಪದ, ಹಾಗಾಗಿ ವಾಕ್ಯ ಮೂರನೆಯ ಹಂತಕ್ಕೆ ಜಾರಿತು. ನಾಮಪದದ ಜೊತೆ ‘ಆಗು’ ಬೇಕಾದರೆ ‘ಬಿಕಮ್’: ‘ಹಿ ಬಿಕೇಮ್ ಎ ಡಾಕ್ಟರ್’.

## ಹಂತ 5: ಸ್ಥಳ ಬಂದರೆ ‘ತಲುಪು’

‘ವಿ ಗಾಟ್ ಟು ದಿ ಸ್ಟೇಷನ್ ಅಟ್ ಸಿಕ್ಸ್’, ಆರಕ್ಕೆ ನಿಲ್ದಾಣ ತಲುಪಿದೆವು. ಸ್ಥಳದ ಮೊದಲು ‘ಟು’ ಇರಲೇಬೇಕು. ಹೋಮ್, ಹಿಯರ್, ದೇರ್‌ನಂಥ ಪದಗಳ ಮೊದಲು ಮಾತ್ರ ಅದು ಬಾರದು: ‘ಐ ಗಾಟ್ ಹೋಮ್ ಲೇಟ್’. ‘ಗಾಟ್ ಟು ಹೋಮ್’ ತಪ್ಪು.

ವಾಹನಗಳಿಗೆ ಎರಡು ಗುಂಪು. ಒಳಗೆ ಎದ್ದು ನಡೆದಾಡಬಹುದಾದ ಬಸ್ಸು, ರೈಲು, ವಿಮಾನ, ಹಾಗೂ ಮೇಲೆ ಹತ್ತಿ ಕೂರುವ ಸೈಕಲ್, ಬೈಕು, ಕುದುರೆಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಸೇರುವ ಕಾರು, ಟ್ಯಾಕ್ಸಿಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ನಮ್ಮವರು ಬಸ್ಸಿನಿಂದ ಇಳಿಯುವುದಕ್ಕೆ ‘ಗೆಟ್ ಡೌನ್’ ಎನ್ನುತ್ತಾರೆ. ಭಾರತದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಹೊರದೇಶದವರ ಜೊತೆ ಮಾತನಾಡುವಾಗ ‘ಗೆಟ್ ಆಫ್’ ಎಂದರೆ ಗೊಂದಲವಿರುವುದಿಲ್ಲ. ಅವರಿಗೆ ‘ಗೆಟ್ ಡೌನ್’ ಎಂದರೆ ಎತ್ತರದಿಂದ ಕೆಳಗಿಳಿ, ಬಗ್ಗು ಎಂಬುದೇ ಮೊದಲು ಹೊಳೆಯುತ್ತದೆ.

## ಹಂತ 6: ವಿ-3 ನೇರವಾಗಿ ಬಂದರೆ ಕರ್ಮಣಿ

‘ದಿ ಕಪ್ ಗಾಟ್ ಬ್ರೋಕನ್’, ಬಟ್ಟಲು ಒಡೆಯಿತು. ‘ವಿ ಗಾಟ್ ಪೇಡ್’, ನಮಗೆ ಸಂಬಳವಾಯಿತು. ‘ದೇ ಗಾಟ್ ಮ್ಯಾರೀಡ್’, ಅವರ ಮದುವೆಯಾಯಿತು. ಮಾಡಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ, ಆದದ್ದು ಮುಖ್ಯ. ಮದುವೆಯ ವಾಕ್ಯದಲ್ಲಿ ‘ವಿತ್’ ಬೇಡ: ‘ಶಿ ಗಾಟ್ ಮ್ಯಾರೀಡ್ ಟು ಹಿಮ್’.

ತಿಳಿ, ಇಷ್ಟಪಡು ಮುಂತಾದ ಮನಸ್ಸಿನ ಸ್ಥಿತಿಯ ಕ್ರಿಯೆಗಳೊಂದಿಗೆ ಈ ರಚನೆ ಹೊಂದುವುದಿಲ್ಲ. ಅರ್ಜಿ, ವರದಿಗಳಲ್ಲಿಯೂ ಗೆಟ್ ಬದಲು ‘ವಾಸ್’, ‘ವರ್’ ಹಾಕುವುದು ವಾಸಿ.

## ಹಂತ 7: ನಡುವೆ ಕರ್ಮ ಬಂದರೆ ‘ಮಾಡಿಸು’

ಕನ್ನಡಿಗರಿಗೆ ಅತ್ಯಂತ ಸುಲಭವಾಗಬೇಕಾಗಿದ್ದ ಹಂತ ಇದು, ಎಲ್ಲರೂ ಎಡವುವುದೂ ಇಲ್ಲಿಯೇ. ನಮ್ಮಲ್ಲಿ ಪ್ರೇರಣಾರ್ಥಕಕ್ಕೆ ‘ಇಸು’ ಪ್ರತ್ಯಯವಿದೆ: ಮಾಡು–ಮಾಡಿಸು, ಬರೆ–ಬರೆಯಿಸು, ಹೊಲಿ–ಹೊಲಿಸು. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಬಳಕೆಯಲ್ಲಿಲ್ಲ, ಆ ಹೊರೆಯನ್ನು ಗೆಟ್ ಹೊರುತ್ತದೆ. ‘ಇಸು’ ಕಂಡಲ್ಲಿ ಗೆಟ್ ನೆನಪಿಗೆ ಬರಲಿ.

ಮೊದಲ ರಚನೆ: ಗೆಟ್, ನಂತರ ವಸ್ತು, ನಂತರ ವಿ-3. ‘ಐ ಗಾಟ್ ಮೈ ಹೇರ್ ಕಟ್’, ಕೂದಲು ಕತ್ತರಿಸಿಕೊಂಡು ಬಂದೆ, ಅಂದರೆ ಬೇರೆಯವರ ಕೈಯಲ್ಲಿ. ‘ಐ ಕಟ್ ಮೈ ಹೇರ್’ ಎಂದರೆ ನಾನೇ ಕತ್ತರಿ ಹಿಡಿದೆ ಎಂದಾಯಿತು. ‘ಐ ಗಾಟ್ ದಿ ಫೋನ್ ರಿಪೇರ್ಡ್’, ಫೋನ್ ರಿಪೇರಿ ಮಾಡಿಸಿದೆ. ವಸ್ತುವಿನ ಜಾಗ ಬದಲಾದರೆ ವಾಕ್ಯ ಮುರಿಯುತ್ತದೆ. ‘ಐ ಗಾಟ್ ರಿಪೇರ್ಡ್ ದಿ ಫೋನ್’ ಎಂಬುದು ನಾನು ಅತಿ ಹೆಚ್ಚು ತಿದ್ದಿದ ವಾಕ್ಯ.

ಎರಡನೆಯ ರಚನೆ: ಗೆಟ್, ನಂತರ ವ್ಯಕ್ತಿ, ನಂತರ ‘ಟು’, ನಂತರ ಮೂಲ ಕ್ರಿಯಾಪದ. ‘ಐ ಗಾಟ್ ಹಿಮ್ ಟು ರಿಪೇರ್ ದಿ ಫೋನ್’, ಅವನ ಕೈಯಲ್ಲಿ ಫೋನ್ ರಿಪೇರಿ ಮಾಡಿಸಿದೆ. ‘ಟು’ ಬಿಟ್ಟರೆ ತಪ್ಪು. ಆ ತಪ್ಪು ಬರಲು ಕಾರಣ ಮೇಕ್ ಮತ್ತು ಹ್ಯಾವ್. ಅವೆರಡೂ ಇದೇ ಕೆಲಸ ಮಾಡುತ್ತವೆ, ಆದರೆ ‘ಟು’ ಇಲ್ಲದೆ. ಮೂರನ್ನೂ ಒಟ್ಟಿಗಿಟ್ಟು ನೋಡಿ. ‘ಐ ಮೇಡ್ ಹಿಮ್ ಸೈನ್’ ಎಂಬಲ್ಲಿ ಒತ್ತಾಯವಿದೆ. ‘ಐ ಹ್ಯಾಡ್ ಹಿಮ್ ಸೈನ್’ ಎಂಬಲ್ಲಿ ಹೇಳುವ ಅಧಿಕಾರ ನನಗಿತ್ತು, ಹೇಳಿದೆ, ಮಾಡಿದ. ‘ಐ ಗಾಟ್ ಹಿಮ್ ಟು ಸೈನ್’ ಎಂಬಲ್ಲಿ ಅವನನ್ನು ಒಪ್ಪಿಸಬೇಕಾಯಿತು, ಸ್ವಲ್ಪ ಪ್ರಯತ್ನ ಹಿಡಿಯಿತು. ನಮ್ಮ ‘ಸಹಿ ಹಾಕಿಸಿದೆ’ ಈ ಮೂರನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತಿದೆ. ಅನುವಾದ ಮಾಡುವವರು ಇಲ್ಲಿ ‘ಒತ್ತಾಯ ಮಾಡಿ’, ‘ಒಪ್ಪಿಸಿ’ ಎಂಬಂಥ ಮಾತು ಸೇರಿಸದಿದ್ದರೆ ಮೂಲದ ಬಣ್ಣ ಹೋಗುತ್ತದೆ.

ಇದೇ ಅಚ್ಚಿನಲ್ಲಿ ಬೇಡದ್ದು ಆಗುವುದೂ ಉಂಟು. ‘ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದಿ ಡೋರ್’. ಬೆರಳನ್ನು ಯಾರೂ ಬೇಕೆಂದು ಬಾಗಿಲಿಗೆ ಕೊಡುವುದಿಲ್ಲ. ಆದರೂ ಕನ್ನಡದಲ್ಲಿ ‘ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡೆ’ ಎಂದೇ ಹೇಳುತ್ತೇವೆ, ಅದೇ ‘ಇಸು’ ಬಳಸಿ! ಎರಡು ಭಾಷೆಗಳು ಹೀಗೆ ಒಂದೇ ದಾರಿಯಲ್ಲಿ ಯೋಚಿಸಿರುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಮಾಡಿಸಿದ್ದೋ ಆಗಿಹೋದದ್ದೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು.

ವಿ-3 ಬದಲು ಗುಣವಾಚಕವೂ ಕೂರಬಹುದು: ‘ಗೆಟ್ ದಿ ಚಿಲ್ಡ್ರನ್ ರೆಡಿ’, ಮಕ್ಕಳನ್ನು ತಯಾರು ಮಾಡು.

## ಹಂತ 8: ‘ಟು’ ಮತ್ತು ಕ್ರಿಯಾಪದ ಬಂದರೆ ‘ಅವಕಾಶ’

‘ಐ ಗಾಟ್ ಟು ಮೀಟ್ ಹರ್’, ಅವಳನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಇದನ್ನು ಮೊದಲ ಹಂತದ ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಜೊತೆ ಹೋಲಿಸಿ. ಅದು ‘ಭೇಟಿಯಾಗಲೇಬೇಕು’. ನಡುವಿನ ‘ಹ್ಯಾವ್’ ಮಾತಿನಲ್ಲಿ ‘ವ್’ ಎಂದಷ್ಟೇ ಉಳಿಯುತ್ತದೆ, ಕೆಲವೊಮ್ಮೆ ಅದೂ ಕೇಳಿಸುವುದಿಲ್ಲ. ಆಗ ನಡೆದದ್ದರ ಬಗ್ಗೆ ಮಾತೋ, ನಡೆಯಬೇಕಾದದ್ದರ ಬಗ್ಗೆ ಮಾತೋ ಎಂದು ಗಮನಿಸಿ. ‘ಗೆಟ್ ಟು ನೋ’ ಎಂದರೆ ಕ್ರಮೇಣ ಪರಿಚಯ ಬೆಳೆಯುವುದು. ‘ಗೆಟ್ ಗೋಯಿಂಗ್’ ಎಂದರೆ ಹೊರಡುವುದು, ಶುರು ಮಾಡುವುದು.

## ಹಂತ 9: ಬಾಲಗಳನ್ನು ಸ್ಥಳದಿಂದ ಬಿಡಿಸಿ

ಗೆಟ್ ಅಪ್, ಗೆಟ್ ಓವರ್, ಗೆಟ್ ಥ್ರೂ, ಗೆಟ್ ಬ್ಯಾಕ್, ಗೆಟ್ ಬೈ, ಗೆಟ್ ಅಲಾಂಗ್. ಇವನ್ನು ಬೇರೆ ಬೇರೆ ಪದಗಳೆಂದು ಉರು ಹೊಡೆಯುವ ಬದಲು ಐದನೆಯ ಹಂತದ ಚಲನೆಯನ್ನು ನೆನೆಯಿರಿ. ‘ಓವರ್’ ಎಂದರೆ ಮೇಲಿಂದ ದಾಟುವುದು. ಹಾಗಾಗಿ ‘ಗೆಟ್ ಓವರ್ ಎ ಲಾಸ್’ ಎಂದರೆ ನಷ್ಟದ ನೋವನ್ನು ದಾಟಿ ಚೇತರಿಸಿಕೊಳ್ಳುವುದು. ‘ಥ್ರೂ’ ಎಂದರೆ ಒಳಹೊಕ್ಕು ಆಚೆ ಬರುವುದು. ಕಷ್ಟದ ದಿನಗಳನ್ನು ಕಳೆಯುವುದಕ್ಕೂ ಫೋನ್ ಸಂಪರ್ಕ ಸಿಗುವುದಕ್ಕೂ ಅದೇ. ‘ಬೈ’ ಎಂದರೆ ಪಕ್ಕದಿಂದ ಹೇಗೋ ಹಾದುಹೋಗುವುದು, ಅದರಿಂದ ಇದ್ದುದರಲ್ಲಿ ಹೇಗೋ ಸಾಗಿಸುವುದು. ‘ಅಲಾಂಗ್’ ಎಂದರೆ ಜೊತೆಜೊತೆಯಾಗಿ ಸಾಗುವುದು, ಅಂದರೆ ಹೊಂದಿಕೊಂಡು ಹೋಗುವುದು. ‘ಗೆಟ್ ಅವೇ ವಿತ್’ ಎಂದರೆ ತಪ್ಪು ಮಾಡಿಯೂ ಶಿಕ್ಷೆ ಇಲ್ಲದೆ ಪಾರಾಗುವುದು.

‘ಗೆಟ್ ಅಪ್’ ಮತ್ತು ‘ವೇಕ್ ಅಪ್’ ಎರಡಕ್ಕೂ ಕನ್ನಡದಲ್ಲಿ ‘ಏಳು’ ಎಂದೇ ಹೇಳಿಬಿಡುತ್ತೇವೆ. ಕಣ್ಣು ಬಿಡುವುದು ‘ವೇಕ್ ಅಪ್’, ಹಾಸಿಗೆ ಬಿಡುವುದು ‘ಗೆಟ್ ಅಪ್’. ‘ಗೆಟ್ ಯೂಸ್ಡ್ ಟು’ ಎಂದರೆ ರೂಢಿಯಾಗುವುದು. ಅದರ ಮುಂದೆ ಮೂಲ ಕ್ರಿಯಾಪದ ಬಾರದು, ‘ಇಂಗ್’ ರೂಪ ಬೇಕು: ‘ಐ ಗಾಟ್ ಯೂಸ್ಡ್ ಟು ಲಿವಿಂಗ್ ಅಲೋನ್’.

ವಾರಕ್ಕೆ ಮೂರು ಬಾಲಗಳಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ.

## ಹಂತ 10: ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ

ಎರಡನೆಯ ಹಂತದಲ್ಲಿ ಗುಂಡು ಸುತ್ತಿದ ಪುಟಗಳಿಗೆ ಮರಳಿ. ಪ್ರತಿ ಗೆಟ್‌ನ ಮೇಲೆ ಕನ್ನಡದ ಒಂದೇ ಒಂದು ಕ್ರಿಯಾಪದ ಬರೆಯಿರಿ. ಮರುದಿನ ಇಂಗ್ಲಿಷ್ ಪುಟ ಮುಚ್ಚಿ, ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ. ಎಲ್ಲ ಕಡೆಯೂ ‘ಸಿಕ್ಕಿತು’ ಎಂದೇ ಬರೆದಿದ್ದರೆ ಮುಂದಿನ ಪದ ನೋಡದೆ ಅರ್ಥ ಹೇಳಿದ್ದೀರಿ ಎಂದು ತಿಳಿಯಿರಿ. ಒಂದು ಪುಟ ಇಂಗ್ಲಿಷ್ ಬರೆದೂ ‘ಮಾಡಿಸು’ ಅರ್ಥದ ಗೆಟ್ ಒಮ್ಮೆಯೂ ಬಾರದಿದ್ದರೆ ಏಳನೆಯ ಹಂತ ಇನ್ನೂ ಕೈಗೆ ಹತ್ತಿಲ್ಲ.

ಅಭ್ಯಾಸಕ್ಕೊಂದು ತುಣುಕು: ‘ಇಟ್ ವಾಸ್ ಗೆಟಿಂಗ್ ಲೇಟ್ ವೆನ್ ಐ ಗಾಟ್ ಎ ಮೆಸೇಜ್ ಫ್ರಮ್ ಮೈ ಸಿಸ್ಟರ್. ಹರ್ ಬ್ಯಾಗ್ ಹ್ಯಾಡ್ ಗಾಟ್ ಸ್ಟೋಲನ್. ಐ ಗಾಟ್ ಮೈ ಬ್ರದರ್ ಟು ಡ್ರೈವ್ ಮಿ. ವಿ ಗಾಟ್ ದೇರ್ ಅಟ್ ನೈನ್, ಬಟ್ ಐ ನೆವರ್ ಗಾಟ್ ಟು ಸೀ ಹರ್.’

ಆರು ಗೆಟ್‌ಗಳಿವೆ. ಮುಂದೆ ಓದುವ ಮೊದಲು ನೀವೇ ಬರೆದು ನೋಡಿ. ಮೊದಲನೆಯದರ ಮುಂದೆ ಗುಣವಾಚಕ, ತಡವಾಗುತ್ತಿತ್ತು. ಎರಡನೆಯದರ ಮುಂದೆ ನಾಮಪದ, ಅಕ್ಕನಿಂದ ಸಂದೇಶ ಬಂತು. ಮೂರನೆಯದು ನೇರ ವಿ-3, ಅವಳ ಚೀಲ ಕಳುವಾಗಿತ್ತು. ನಾಲ್ಕನೆಯದು ವ್ಯಕ್ತಿ ಮತ್ತು ‘ಟು’, ಅಣ್ಣನನ್ನು ಒಪ್ಪಿಸಿ ಕಾರು ಓಡಿಸಿದೆ ಎಂದರೆ ಕನ್ನಡದಲ್ಲಿ ಓಡಿಸಿದವರು ಯಾರು ಎಂದು ಅನುಮಾನ ಬರುತ್ತದೆ, ಆದ್ದರಿಂದ ‘ಕಾರಿನಲ್ಲಿ ಕರೆದೊಯ್ಯುವಂತೆ ಅಣ್ಣನನ್ನು ಒಪ್ಪಿಸಿದೆ’. ಐದನೆಯದು ಸ್ಥಳ, ಒಂಬತ್ತಕ್ಕೆ ಅಲ್ಲಿಗೆ ತಲುಪಿದೆವು. ಆರನೆಯದು ‘ಟು’ ಮತ್ತು ಕ್ರಿಯಾಪದ, ಅವಳನ್ನು ನೋಡಲು ಮಾತ್ರ ಆಗಲೇ ಇಲ್ಲ.